ಕೆಂಪು ರುಮಾಲಿನ ಕಡತ: ರಿಟ್ ಅಧಿಕಾರದ ಕುರಿತು ಕೆಲವು ಮಾತು



ಈ ಉಪನ್ಯಾಸದ ದತ್ತಿಯನ್ನು ಇಟ್ಟವರು ತಮ್ಮ ತಂದೆಯ ನೆನಪಿಗೆ ಇಟ್ಟಿದ್ದಾರೆ. ಆ ಹಿರಿಯರು ಊರಿನ ಶಾನುಭೋಗರಾಗಿದ್ದರಂತೆ, ಪಹಣಿ ಬರೆದು ಬೆರಳು ಸವೆಸಿದವರು. ರಿಟ್ ಅಧಿಕಾರದ ಬಗ್ಗೆ ಮಾತಾಡಿ ಎಂದು ಕೇಳಿದಾಗ ನಾನು ಕೂಡಲೇ ಒಪ್ಪಿಕೊಂಡದ್ದಕ್ಕೆ ಅದೂ ಒಂದು ಕಾರಣ. ದೊಡ್ಡ ದೊಡ್ಡ ಲ್ಯಾಟಿನ್ ಹೆಸರಿನ ಈ ರಿಟ್‌ಗಳೆಲ್ಲ ಕೊನೆಗೆ ಬಂದು ನಿಲ್ಲುವುದು ಯಾರೋ ಒಬ್ಬರು ಬರೆದಿಟ್ಟ, ಇಲ್ಲವೇ ಬರೆಯದೆ ಬಿಟ್ಟ, ಒಂದು ಕಡತದ ಮುಂದೆ.

ಐದು ರಿಟ್‌ಗಳ ಹೆಸರು ಕಾನೂನು ವಿದ್ಯಾರ್ಥಿಗಳಾದ ನಿಮಗೆ ಬಾಯಿಪಾಠ. ಪರೀಕ್ಷೆಯಲ್ಲಿ ಹತ್ತು ಅಂಕದ ಪ್ರಶ್ನೆ ಅದು. ಹೇಬಿಯಸ್ ಕಾರ್ಪಸ್, ಮ್ಯಾಂಡಮಸ್, ಪ್ರೊಹಿಬಿಷನ್, ಸರ್ಷಿಯೋರರಿ, ಕೊ ವಾರಂಟೊ. ಕಾನೂನಿನ ಕನ್ನಡದಲ್ಲಿ ಇವಕ್ಕೆ ಬಂದೀ ಪ್ರತ್ಯಕ್ಷೀಕರಣ, ಪರಮಾದೇಶ, ಪ್ರತಿಷೇಧ, ಉತ್ಪ್ರೇಷಣ, ಅಧಿಕಾರ ಪೃಚ್ಛಾ ಎಂದಿದೆ. ಲ್ಯಾಟಿನ್ನಿಗೆ ಹೆದರಿದವನನ್ನು ಸಂಸ್ಕೃತದಿಂದ ಹೆದರಿಸಿದ ಹಾಗಿದೆ ಇದು. ಈ ಹೆಸರುಗಳು ಹುಟ್ಟಿದ ಇಂಗ್ಲೆಂಡಿನಲ್ಲಿಯೇ 2004ರಲ್ಲಿ ಲ್ಯಾಟಿನ್ ಬಿಟ್ಟು, ಸರ್ಷಿಯೋರರಿಯನ್ನು ‘ಕ್ವಾಷಿಂಗ್ ಆರ್ಡರ್’ ಎಂದು ಸರಳ ಇಂಗ್ಲಿಷಿಗೆ ಇಳಿಸಿಕೊಂಡರು. ನಾವು ಮಾತ್ರ ಹಳೆಯ ಹೆಸರುಗಳನ್ನು ಪಟ್ಟೆ ಬಟ್ಟೆಯಲ್ಲಿ ಸುತ್ತಿಟ್ಟು ಕಾಪಾಡಿಕೊಂಡಿದ್ದೇವೆ. ನಮ್ಮ ಹಳ್ಳಿಗರು ಇದಕ್ಕೆಲ್ಲ ತಲೆ ಕೆಡಿಸಿಕೊಳ್ಳಲಿಲ್ಲ. ಐದಕ್ಕೂ ಸೇರಿಸಿ ಒಂದೇ ಮಾತು ಮಾಡಿಕೊಂಡರು: ‘ಅವನು ಬೆಂಗಳೂರಿಗೆ ಹೋಗಿ ರಿಟ್ ಹಾಕಿದಾನೆ.’

ಆ ಮಾತು ಹಳ್ಳಿಯ ಕಟ್ಟೆಯವರೆಗೆ ಹೇಗೆ ಹೋಯಿತು ಎಂಬಲ್ಲಿಂದ ಶುರುಮಾಡುತ್ತೇನೆ. ದೇವರಾಜ ಅರಸರ ಕಾಲದ ಭೂಸುಧಾರಣೆ ನಿಮಗೆ ಪಾಠದಲ್ಲಿ ಬಂದಿದೆ. 1974ರ ಮಾರ್ಚ್ 1ರಂದು ಗೇಣಿ ಜಮೀನುಗಳೆಲ್ಲ ಸರ್ಕಾರಕ್ಕೆ ಸೇರಿದವು. ಗೇಣಿದಾರ ಫಾರಂ ನಂಬರ್ 7ರಲ್ಲಿ ಅರ್ಜಿ ಹಾಕಿ ತಾನು ಗೇಣಿದಾರನೆಂದು ತೋರಿಸಿಕೊಟ್ಟರೆ ಅಧಿಭೋಗದಾರಿಕೆ ಹಕ್ಕು ಅವನದು. ಕರಾವಳಿಯಲ್ಲಿ ಇದಕ್ಕೆ ‘ಡಿಕ್ಲರೇಶನ್ ಹಾಕುವುದು’ ಎನ್ನುತ್ತಿದ್ದರು. ಅರ್ಜಿ ಹಾಕುವ ಗಡುವು ಮುಂದೆ ಮುಂದೆ ಹೋಗಿ 1979ರ ಜೂನ್ 30ಕ್ಕೆ ಮುಗಿಯಿತು. ಈ ಅರ್ಜಿಗಳನ್ನು ತೀರ್ಮಾನಿಸಲು ತಾಲ್ಲೂಕಿಗೆ ತಾಲ್ಲೂಕು ಭೂ ನ್ಯಾಯಮಂಡಳಿಗಳು ಹುಟ್ಟಿದವು. ಅಸಿಸ್ಟೆಂಟ್ ಕಮಿಷನರ್ ಅಧ್ಯಕ್ಷ, ಜೊತೆಗೆ ಸರ್ಕಾರ ನೇಮಿಸಿದ ನಾಲ್ವರು ಸದಸ್ಯರು. ವಕೀಲರಿಗೆ ಒಳಗೆ ಪ್ರವೇಶವಿರಲಿಲ್ಲ. ಬಡ ಗೇಣಿದಾರನೆದುರು ಧಣಿಯ ವಕೀಲ ನಿಂತರೆ ಸರಿಸಾಟಿಯಾಗದು ಎಂಬ ಆಲೋಚನೆ ಅದರ ಹಿಂದಿತ್ತು. ಆ ಆಲೋಚನೆಯನ್ನು ನಾನು ಇಂದಿಗೂ ತಪ್ಪೆನ್ನಲಾರೆ. ಆದರೆ ಮಂಡಳಿಯ ತೀರ್ಮಾನದ ಮೇಲೆ ಅಪೀಲು ಇರಲಿಲ್ಲ. ಅಪೀಲಿನ ಬಾಗಿಲು ಮುಚ್ಚಿದಾಗ ಉಳಿದದ್ದು ಹೈಕೋರ್ಟಿನ ರಿಟ್ ಒಂದೇ. ಸಾವಿರಾರು ಅರ್ಜಿಗಳು ಬಂದವು. ಧಣಿಗಳೂ ಬಂದರು, ಗೇಣಿದಾರರೂ ಬಂದರು.

ಹಾಗೆ ಬಂದವರಲ್ಲಿ ಒಬ್ಬರನ್ನು ನಾನು ಮರೆತಿಲ್ಲ. ಆಗ ನಾನು ಸನ್ನದು ಪಡೆದು ವರ್ಷ ತುಂಬದ ಜೂನಿಯರ್. ಮಲೆನಾಡಿನ ಒಂದು ತಾಲ್ಲೂಕಿನಿಂದ ರಾತ್ರಿ ಬಸ್ಸಿನಲ್ಲಿ ಬಂದು, ಬೆಳಿಗ್ಗೆ ಆರೂವರೆಗೇ ನಮ್ಮ ಸೀನಿಯರ್ ಆಫೀಸಿನ ಮೆಟ್ಟಿಲ ಮೇಲೆ ಕೂತಿದ್ದ ಮುದುಕರು. ಕೈಯಲ್ಲಿ ಗೊಬ್ಬರದ ಚೀಲ ಕತ್ತರಿಸಿ ಹೊಲಿದ ಕೈಚೀಲ. ಅದರೊಳಗೆ ಮಡಿಕೆ ಬಿದ್ದು ಹರಿಯುವಂತಾಗಿದ್ದ ಗೇಣಿ ರಸೀದಿಗಳು, ಒಂದಿಷ್ಟು ಪಹಣಿ ನಕಲು, ಮತ್ತು ಮಂಡಳಿಯ ಆದೇಶ. ಆದೇಶವೆಂದರೆ ಹನ್ನೊಂದು ಸಾಲು. ಉಭಯ ಪಕ್ಷದವರು ಹಾಜರಿದ್ದರು, ಹೇಳಿಕೆ ಪಡೆಯಲಾಯಿತು, ದಾಖಲೆ ಪರಿಶೀಲಿಸಲಾಯಿತು, ಅರ್ಜಿದಾರರು ಗೇಣಿದಾರರೆಂದು ಕಂಡುಬರುವುದಿಲ್ಲ, ಅರ್ಜಿ ವಜಾ. ಯಾವ ದಾಖಲೆ, ಯಾರ ಹೇಳಿಕೆ, ಏಕೆ ಕಂಡುಬರುವುದಿಲ್ಲ ಎಂಬ ಮಾತೇ ಇಲ್ಲ.

ರಿಟ್ ಹಾಕಿದೆವು. ವಿಚಾರಣೆಯ ದಿನ ನ್ಯಾಯಮೂರ್ತಿಗಳು ಸರ್ಕಾರಿ ವಕೀಲರ ಕಡೆ ನೋಡಿ ಒಂದೇ ಮಾತು ಕೇಳಿದರು: ‘ರೆಕಾರ್ಡ್ಸ್ ಎಲ್ಲಿ?’ ಮುಂದಿನ ದಿನಾಂಕಕ್ಕೆ ಕೆಂಪು ರುಮಾಲಿನಲ್ಲಿ ಕಟ್ಟಿದ ಕಡತ ಬಂತು. ಗಂಟು ಬಿಚ್ಚಿದಾಗ ಧೂಳೆದ್ದು ಕೋರ್ಟ್ ಆಫೀಸರ್ ಸೀನಿದ್ದು ಈಗಲೂ ಕಣ್ಣಿಗೆ ಕಟ್ಟಿದೆ. ಕಡತದ ನಡುವೆ ಒಂದು ಸ್ಥಳ ತನಿಖೆಯ ವರದಿ ಇತ್ತು. ಅದನ್ನು ನಮ್ಮ ಮುದುಕರಿಗೆ ತೋರಿಸಿಯೇ ಇರಲಿಲ್ಲ. ಅದರ ಮೇಲೆ ಅವರನ್ನು ಒಂದು ಮಾತು ಕೇಳಿಯೂ ಇರಲಿಲ್ಲ. ಆದೇಶ ರದ್ದಾಯಿತು. ಹೊರಗೆ ಹೈಕೋರ್ಟ್ ಇರುವ ಅಠಾರಾ ಕಚೇರಿಯ ಕಂಬದ ಸಾಲಿನಲ್ಲಿ ನಿಂತು ನಾನು ಉಬ್ಬಿಹೋಗಿ, ‘ಯಜಮಾನ್ರೇ, ಗೆದ್ದಿರಿ!’ ಎಂದೆ. ‘ಹಂಗಾರೆ ಗದ್ದೆ ಬಂತಾ ಸ್ವಾಮಿ?’ ‘ಇಲ್ಲ, ಮಂಡಳಿಯವರು ಮತ್ತೆ ವಿಚಾರಣೆ ಮಾಡ್ತಾರೆ.’ ‘ಅವ್ರೇಯಾ?’ ‘ಹೌದು, ಅವ್ರೇ.’ ಮುದುಕರು ಎಲೆಯಡಿಕೆ ಚೀಲಕ್ಕೆ ಕೈ ಹಾಕಿ, ‘ಹಂಗಾರೆ ಗೆದ್ದಿದ್ದೇನು?’ ಎಂದರು.

ನಲವತ್ತು ವರ್ಷಗಳಿಗೂ ಮಿಕ್ಕಿ ಆ ಪ್ರಶ್ನೆ ನನ್ನ ಜೊತೆಗಿದೆ. ಈ ಉಪನ್ಯಾಸ ಒಂದು ರೀತಿಯಲ್ಲಿ ಅದಕ್ಕೇ ಉತ್ತರ.

ಆ ಪ್ರಶ್ನೆ ಕೇಳುವ ಅವಕಾಶವೇ ಎಷ್ಟು ಹೊಸದು ಎಂಬುದನ್ನು ಮೊದಲು ಹೇಳಬೇಕು. ಬ್ರಿಟಿಷರ ಕಾಲದಲ್ಲಿ ಸರ್ಷಿಯೋರರಿ ಹೊರಡಿಸುವ ಅಧಿಕಾರ ಕಲ್ಕತ್ತ, ಬೊಂಬಾಯಿ, ಮದ್ರಾಸ್ ಈ ಮೂರು ಹೈಕೋರ್ಟುಗಳಿಗೆ ಮಾತ್ರ ಇತ್ತು. ಅದೂ ಆ ಪಟ್ಟಣಗಳ ಎಲ್ಲೆಯೊಳಗೆ. ಗಂಜಾಂ ಜಿಲ್ಲೆಯ ಪರ್ಲಾಕಿಮಿಡಿ ಜಮೀನ್ದಾರನ ವಿರುದ್ಧ ಅಲ್ಲಿನ ರೈತರು ಗೇಣಿಯ ವಿಷಯದಲ್ಲಿ ಮದ್ರಾಸಿನ ರೆವಿನ್ಯೂ ಬೋರ್ಡಿನ ಆದೇಶ ಪ್ರಶ್ನಿಸಿ ಹೋದರು. 1943ರಲ್ಲಿ ಪ್ರಿವಿ ಕೌನ್ಸಿಲ್ ಹೇಳಿದ್ದು ಇಷ್ಟೇ: ಬೋರ್ಡಿನ ಕಚೇರಿ ಮದ್ರಾಸ್ ಪಟ್ಟಣದಲ್ಲಿ ಇದ್ದರೇನು, ಜಮೀನೂ ಜನರೂ ಇರುವುದು ಪಟ್ಟಣದ ಆಚೆ, ಆದ್ದರಿಂದ ರಿಟ್ ಇಲ್ಲ. ಧಾರವಾಡದ ರೈತ ಬೊಂಬಾಯಿ ಹೈಕೋರ್ಟಿಗೆ, ಮಂಗಳೂರು ಬಳ್ಳಾರಿಯ ರೈತ ಮದ್ರಾಸಿಗೆ ಸೇರಿದ್ದರೂ ಈ ಬಾಗಿಲು ಅವರಿಗೆ ತೆರೆಯುತ್ತಿರಲಿಲ್ಲ. ನಮ್ಮ ಮೈಸೂರಿನಲ್ಲಿ 1884ರಿಂದ ಚೀಫ್ ಕೋರ್ಟ್ ಇತ್ತು, 1930ರಲ್ಲಿ ಅದು ಹೈಕೋರ್ಟ್ ಎನಿಸಿಕೊಂಡಿತು. ರಿಟ್ ಅಧಿಕಾರ ಕೈಗೆ ಬಂದದ್ದು 1950ರ ಜನವರಿ 26ರಂದು, ಸಂವಿಧಾನದ ಜೊತೆಗೆ.

ಸುಪ್ರೀಂ ಕೋರ್ಟಿಗೆ ಹೋಗುವ ದಾರಿ 32ನೇ ವಿಧಿ. ಅದಿಲ್ಲದಿದ್ದರೆ ಸಂವಿಧಾನವೇ ಶೂನ್ಯ, ಅದೇ ಇದರ ಆತ್ಮ, ಹೃದಯ ಎಂಬರ್ಥದಲ್ಲಿ ಅಂಬೇಡ್ಕರ್ 1948ರ ಡಿಸೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿ ಹೇಳಿದ್ದನ್ನು ಎಲ್ಲ ಭಾಷಣಗಳಲ್ಲೂ ಕೇಳಿರುತ್ತೀರಿ. ಆದರೆ ಜನಸಾಮಾನ್ಯರ ದಿನನಿತ್ಯದ ಬದುಕಿಗೆ ಹೆಚ್ಚು ಒದಗಿದ್ದು 226ನೇ ವಿಧಿ. 32ನೇ ವಿಧಿಗೆ ಮೂಲಭೂತ ಹಕ್ಕು ಮುರಿದಿರಬೇಕು. 226ರಲ್ಲಿ ‘ಬೇರೆ ಯಾವುದೇ ಉದ್ದೇಶಕ್ಕಾಗಿ’ ಎಂಬ ಮಾತೂ ಇದೆ. ಬಸ್ಸಿನ ಪರ್ಮಿಟ್ಟು, ಪಿಂಚಣಿ, ನ್ಯಾಯಬೆಲೆ ಅಂಗಡಿಯ ಲೈಸೆನ್ಸು, ಪಂಚಾಯ್ತಿ ಅಧ್ಯಕ್ಷನ ಮೇಲಿನ ಅವಿಶ್ವಾಸ, ಎಲ್ಲವೂ ಆ ಒಂದು ಮಾತಿನ ಮರೆಯಲ್ಲಿ ನುಸುಳಿ ಬಂದಿವೆ.

ಈಗ ಸರ್ಷಿಯೋರರಿಯ ಹತ್ತಿರಕ್ಕೆ ಹೋಗೋಣ. ನನ್ನ ಮಾತಿನ ಹೆಚ್ಚು ಪಾಲು ಅದಕ್ಕೇ ಮೀಸಲು. ಪದದ ಅರ್ಥ, ನನಗೆ ತಿಳಿಯಪಡಿಸಿ ಎಂದು. ಕೆಳಗಿನ ಅಧಿಕಾರಿಗೆ ಮೇಲಿನ ಕೋರ್ಟು ಹೇಳುವುದು: ನೀನು ಏನು ತೀರ್ಮಾನಿಸಿದೆ ಎಂಬುದು ಆಮೇಲೆ, ಹೇಗೆ ತೀರ್ಮಾನಿಸಿದೆ ತೋರಿಸು, ಕಡತ ತಾ. ಇದನ್ನು ನಮ್ಮ ದೇಶದಲ್ಲಿ ಖಚಿತವಾಗಿ ಹೇಳಿದ ಮೊದಮೊದಲ ತೀರ್ಪುಗಳಲ್ಲೊಂದು ನಮ್ಮ ತರೀಕೆರೆಯಿಂದಲೇ ಹೋದದ್ದು ಎಂಬುದು ಅನೇಕ ವಿದ್ಯಾರ್ಥಿಗಳಿಗೆ ಗೊತ್ತಿರುವುದಿಲ್ಲ. ಟಿ.ಸಿ. ಬಸಪ್ಪ ವಿರುದ್ಧ ಟಿ. ನಾಗಪ್ಪ, 1954. ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ ತರೀಕೆರೆ ಕ್ಷೇತ್ರದಿಂದ ಮೈಸೂರು ವಿಧಾನಸಭೆಗೆ ನಡೆದ ಸ್ಪರ್ಧೆ. ಶಿವಮೊಗ್ಗದ ಚುನಾವಣಾ ನ್ಯಾಯಮಂಡಳಿ ಕೊಟ್ಟ ಆದೇಶವನ್ನು ಮೈಸೂರು ಹೈಕೋರ್ಟ್ ರಿಟ್‌ನಲ್ಲಿ ರದ್ದುಪಡಿಸಿತು. ಸುಪ್ರೀಂ ಕೋರ್ಟಿನಲ್ಲಿ ನ್ಯಾಯಮೂರ್ತಿ ಬಿ.ಕೆ. ಮುಖರ್ಜಿಯವರು ಹೈಕೋರ್ಟಿನ ತೀರ್ಪನ್ನು ತಳ್ಳಿಹಾಕಿದರು. ಇಂಗ್ಲೆಂಡಿನ ರಿಟ್‌ಗಳ ಹಳೆಯ ಇತಿಹಾಸಕ್ಕೂ ಅಲ್ಲಿನ ತಾಂತ್ರಿಕ ಕಟ್ಟುಪಾಡಿಗೂ ನಾವು ಜೋತುಬೀಳಬೇಕಿಲ್ಲ ಎಂದರು. ಅದೇ ಉಸಿರಿನಲ್ಲಿ, ಸಾಕ್ಷ್ಯವನ್ನು ಮತ್ತೆ ತೂಗಿ ನೋಡುವುದು ರಿಟ್ ಕೋರ್ಟಿನ ಕೆಲಸವಲ್ಲ ಎಂದೂ ಹೇಳಿದರು. ಒಂದು ಕೈಯಲ್ಲಿ ಬಾಗಿಲು ಅಗಲಿಸಿ ಇನ್ನೊಂದು ಕೈಯಲ್ಲಿ ಹೊಸ್ತಿಲು ಎತ್ತರಿಸಿದ ತೀರ್ಪು ಅದು.

ಹೊಸ್ತಿಲು ಎತ್ತರಿಸಿದ್ದು ಸರಿಯೇ? ನನ್ನ ಉತ್ತರ: ಸರಿ. ತನಗಿಲ್ಲದ ಅಧಿಕಾರ ಚಲಾಯಿಸಿದರೆ, ಇದ್ದ ಅಧಿಕಾರ ಚಲಾಯಿಸದೆ ಕೂತರೆ, ಎದುರಿನವನ ಮಾತು ಕೇಳದೆ ತೀರ್ಮಾನಿಸಿದರೆ, ಆದೇಶದ ಮೇಲ್ಮೈಯಲ್ಲೇ ಕಣ್ಣಿಗೆ ರಾಚುವಂಥ ಕಾನೂನಿನ ತಪ್ಪಿದ್ದರೆ ರಿಟ್ ಬರುತ್ತದೆ. ವಾದಿಸಿ ವಾದಿಸಿ, ಹತ್ತು ಪುಸ್ತಕ ತೆರೆದು ಹೊರತೆಗೆಯಬೇಕಾದ ತಪ್ಪಿಗೆ ಬರುವುದಿಲ್ಲ. ಯಾವ ಸಾಕ್ಷಿಯನ್ನು ನಂಬಬೇಕು, ಯಾರನ್ನು ಬಿಡಬೇಕು ಎಂಬುದಕ್ಕೂ ಬರುವುದಿಲ್ಲ. ಬೆಂಗಳೂರಿನಲ್ಲಿ ಕೂತ ನ್ಯಾಯಮೂರ್ತಿಗೆ ಆ ಗದ್ದೆಯ ಬದು ಯಾವುದು, ಹಳ್ಳ ಯಾವುದು ಗೊತ್ತಿಲ್ಲ. ಅದು ಗೊತ್ತಿರಬೇಕಾದದ್ದು ತಾಲ್ಲೂಕಿನ ಮಂಡಳಿಗೆ. ಗೊತ್ತಿರಬೇಕಾದವರು ಗೊತ್ತಿದ್ದದ್ದನ್ನು ಬರೆಯದೆ ಹನ್ನೊಂದು ಸಾಲಿನಲ್ಲಿ ಕೈತೊಳೆದುಕೊಂಡರೆ, ಆಗ ಮಾತ್ರ ರುಮಾಲು ಬಿಚ್ಚಬೇಕು.

ಭೂ ನ್ಯಾಯಮಂಡಳಿಗಳ ಆದೇಶಗಳು ಸಾಲುಸಾಲಾಗಿ ರದ್ದಾದದ್ದು ಇದೇ ಕಾರಣಕ್ಕೆ. ಹೇಳಿಕೆಗಳನ್ನು ಹೇಗೆ ದಾಖಲಿಸಬೇಕೆಂದು 1974ರ ಭೂಸುಧಾರಣಾ ನಿಯಮಗಳಲ್ಲಿ 17ನೇ ನಿಯಮ ಹೇಳುತ್ತಿತ್ತು. ಅದನ್ನು ಪಾಲಿಸಿಲ್ಲ, ಪಾಟೀಸವಾಲಿಗೆ ಅವಕಾಶ ಕೊಟ್ಟಿಲ್ಲ, ಕಾರಣ ಬರೆದಿಲ್ಲ ಎಂಬ ಮೂರು ಮಾತು ಆ ದಶಕದ ತೀರ್ಪುಗಳಲ್ಲಿ ಪಲ್ಲವಿಯಂತೆ ಬರುತ್ತವೆ. ಇಷ್ಟು ಹೇಳಿ ಸುಮ್ಮನಾದರೆ ನಮ್ಮ ಕಸುಬಿನ ಹುಳುಕನ್ನು ಮುಚ್ಚಿಟ್ಟಂತೆ. ರದ್ದು, ರಿಮ್ಯಾಂಡು, ಮತ್ತೆ ಆದೇಶ, ಮತ್ತೆ ರಿಟ್ಟು, ಅದರ ಮೇಲೆ ರಿಟ್ ಅಪೀಲು. ಈ ಗಾಣದಲ್ಲಿ ಸುತ್ತಿ ಸತ್ತ ಗೇಣಿದಾರರಿದ್ದಾರೆ. ಸ್ಟೇ ತಂದು ಕೂತು ಉತ್ತವನನ್ನು ಸುಸ್ತಾಗಿಸಿದ ಧಣಿಗಳೂ ಇದ್ದಾರೆ. ಸರ್ಕಾರ 1986ರಲ್ಲಿ ಮೇಲ್ಮನವಿ ಪ್ರಾಧಿಕಾರಗಳನ್ನು ತಂದು, 1990ರಲ್ಲಿ ಅವನ್ನೂ ಕಿತ್ತುಹಾಕಿತು. ಹೈಕೋರ್ಟಿಗೆ ಹೋದವರು ಪ್ರಾಧಿಕಾರಕ್ಕೆ, ಅಲ್ಲಿಂದ ಮತ್ತೆ ಹೈಕೋರ್ಟಿಗೆ. ಕಾನೂನು ಉಳುವವನ ಪರವಾಗಿತ್ತು, ಕಾಲ ಕಾಯಬಲ್ಲವನ ಪರವಾಗಿತ್ತು.

ನಮ್ಮ ಮುದುಕರ ಕಥೆ ಏನಾಯಿತು ಎಂದು ಕೇಳುತ್ತೀರಿ. ಎರಡನೆಯ ಸಲ ಮಂಡಳಿ ಅವರ ಹೇಳಿಕೆ ಬರೆದುಕೊಂಡಿತು, ಆ ತನಿಖಾ ವರದಿ ಮಾಡಿದವರನ್ನು ಅವರೆದುರೇ ಕರೆಸಿ ಕೇಳಿತು. ಎರಡನೆಯ ಆದೇಶ ಆರು ಪುಟ. ಎರಡೂವರೆ ಎಕರೆ ಕೇಳಿದ್ದರು, ಒಂದು ಎಕರೆ ಹತ್ತು ಗುಂಟೆಗೆ ಅಧಿಭೋಗದಾರಿಕೆ ಹಕ್ಕಿನ ಫಾರಂ 10 ಕೈಗೆ ಬಂತು. ಉಳಿದದ್ದಕ್ಕೆ ಮತ್ತೆ ರಿಟ್ ಹಾಕೋಣವೇ ಎಂದು ನಾನೇ ಕಾಗದ ಬರೆದೆ. ಬೇಡವೆಂದು ಮಗನ ಕೈಯಲ್ಲಿ ಬರೆಸಿದರು. ಯಾಕೆ ಸಿಗಲಿಲ್ಲ ಅಂತ ಈ ಸಲ ಬರೆದಿದಾರೆ, ಓದಿಸಿ ಕೇಳಿದೆ, ಸಾಕು ಅಂತ.

ನ್ಯಾಯಮಂಡಳಿಗೆ ರಿಟ್ ಸರಿ. ಮಾಮೂಲು ಸರ್ಕಾರಿ ಅಧಿಕಾರಿ ಕೈಗೊಳ್ಳುವ ಆಡಳಿತದ ತೀರ್ಮಾನಕ್ಕೆ? ಬಹುಕಾಲ ಈ ಗೋಡೆ ಗಟ್ಟಿಯಾಗಿತ್ತು. ನ್ಯಾಯಿಕವಾದದ್ದಕ್ಕೆ ಮಾತ್ರ ಸರ್ಷಿಯೋರರಿ, ಆಡಳಿತಕ್ಕೆ ಇಲ್ಲ ಎಂದು. ಆ ಗೋಡೆ ಕೆಡವಿದ ತೀರ್ಪು ಬರೆದವರು ನಮ್ಮ ಕರಾವಳಿಯವರು, ನ್ಯಾಯಮೂರ್ತಿ ಕೆ.ಎಸ್. ಹೆಗ್ಡೆ. 1969ರ ಕ್ರೈಪಾಕ್ ಪ್ರಕರಣ. ಜಮ್ಮು ಮತ್ತು ಕಾಶ್ಮೀರದಲ್ಲಿ ಭಾರತೀಯ ಅರಣ್ಯ ಸೇವೆಗೆ ಆಯ್ಕೆ ನಡೆಯಿತು. ಆಯ್ಕೆ ಮಂಡಳಿಯಲ್ಲಿ ಕೂತಿದ್ದ ಒಬ್ಬ ಅಧಿಕಾರಿ ತಾನೂ ಒಬ್ಬ ಅಭ್ಯರ್ಥಿ! ತನ್ನ ಹೆಸರು ಬಂದಾಗ ಎದ್ದು ಹೋದರಂತೆ. ಎದುರಾಳಿಗಳ ಹೆಸರು ಬಂದಾಗ ಕೂತೇ ಇದ್ದರು. ಮದುವೆ ಮನೆಯಲ್ಲಿ ವರನ ಅಪ್ಪನೇ ಹೆಣ್ಣಿನ ಕಡೆಯ ಹಿರಿಯನಾಗಿ ಕೂತ ಹಾಗೆ. ಆಡಳಿತದ ಅಧಿಕಾರಕ್ಕೂ ನ್ಯಾಯಿಕ ಸ್ವರೂಪದ ಅಧಿಕಾರಕ್ಕೂ ನಡುವಿನ ಗೆರೆ ತೆಳುವಾಗಿದೆ, ಅಳಿಸಿಹೋಗುತ್ತಿದೆ ಎಂದು ಹೆಗ್ಡೆಯವರು ಬರೆದರು. ಆಯ್ಕೆಪಟ್ಟಿ ರದ್ದಾಯಿತು. 1973ರಲ್ಲಿ ತಮ್ಮನ್ನು ಹಿಂದೆ ಹಾಕಿ ಕಿರಿಯರನ್ನು ಮುಖ್ಯ ನ್ಯಾಯಮೂರ್ತಿ ಮಾಡಿದಾಗ ಇದೇ ಹೆಗ್ಡೆಯವರು ರಾಜೀನಾಮೆ ಕೊಟ್ಟು ಎದ್ದು ಬಂದರು, ಮುಂದೆ ಲೋಕಸಭೆಯ ಸ್ಪೀಕರ್ ಆದರು.

ಪ್ರೊಹಿಬಿಷನ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಆದೇಶ ಹೊರಬಿದ್ದ ಮೇಲೆ ಸರ್ಷಿಯೋರರಿ, ಅದಕ್ಕೆ ಮುಂಚೆ ಪ್ರೊಹಿಬಿಷನ್ ಎಂದು ನೆನಪಿಟ್ಟರೆ ಸಾಕು. ಮ್ಯಾಂಡಮಸ್ ಎಲ್ಲರಿಗೂ ಪ್ರಿಯ, ಅತಿ ಹೆಚ್ಚು ದುರ್ಬಳಕೆಯಾಗುವುದೂ ಅದೇ. ಕಾನೂನು ಹೊರಿಸಿದ ಕರ್ತವ್ಯ ಇರಬೇಕು, ಕೇಳಿದ ಮೇಲೂ ಅಧಿಕಾರಿ ಮಾಡದೆ ಇರಬೇಕು. ಮನವಿಯನ್ನು ಕಾನೂನಿನಂತೆ ಪರಿಗಣಿಸಿ ಎಂಬ ನಿರ್ದೇಶನ ಪಡೆದು ಬಂದು ಪೇಡ ಹಂಚುವ ಕಕ್ಷಿದಾರರನ್ನು ಕಂಡರೆ ನನಗೆ ಮರುಕ ಬರುತ್ತದೆ. ಪರಿಗಣಿಸಿ ತಿರಸ್ಕರಿಸಿದರೂ ಆ ಆದೇಶ ಪಾಲನೆಯಾದಂತೆಯೇ!

ಕೊ ವಾರಂಟೊ ಎಂದರೆ ಈ ಕುರ್ಚಿಯಲ್ಲಿ ಯಾವ ಹಕ್ಕಿನಿಂದ ಕೂತಿದ್ದೀಯಾ ಎಂದು ಕೇಳುವುದು. ಇದರ ಮೇಲೆ ದೇಶವೆಲ್ಲ ಉಲ್ಲೇಖಿಸುವ ತೀರ್ಪು ಮೈಸೂರು ವಿಶ್ವವಿದ್ಯಾನಿಲಯದ್ದು, ಸಿ.ಡಿ. ಗೋವಿಂದರಾವ್ ಪ್ರಕರಣ. ಅಣ್ಣಯ್ಯಗೌಡರನ್ನು ಇಂಗ್ಲಿಷ್ ರೀಡರ್ ಆಗಿ ನೇಮಿಸಿದ್ದನ್ನು ಪ್ರಶ್ನಿಸಲಾಗಿತ್ತು. ಎಂ.ಎ.ಯಲ್ಲಿ ಪ್ರಥಮ ದರ್ಜೆ ಅಥವಾ ‘ಹೈ ಸೆಕೆಂಡ್ ಕ್ಲಾಸ್’, ಇಲ್ಲವೇ ವಿದೇಶಿ ವಿಶ್ವವಿದ್ಯಾಲಯದ ಸಮಾನ ಪದವಿ ಇರಬೇಕೆಂದು ಜಾಹೀರಾತು. ಗೌಡರಿಗೆ ಇಲ್ಲಿನ ಎಂ.ಎ.ಯಲ್ಲಿ ಬಂದಿದ್ದು ಶೇಕಡಾ 50.2. ಅದು ಹೈ ಸೆಕೆಂಡ್ ಕ್ಲಾಸ್ ಹೇಗಾದೀತು ಎಂದು ಹೈಕೋರ್ಟ್ ನೇಮಕ ರದ್ದುಪಡಿಸಿತು. ಅವರಿಗೆ ಇಂಗ್ಲೆಂಡಿನ ಡರ್ಹಂ ವಿಶ್ವವಿದ್ಯಾಲಯದ ಪದವಿಯೂ ಇತ್ತು. ಹೆಸರಿನಲ್ಲೇ ನಮ್ಮ ಗಜೇಂದ್ರಗಡವನ್ನು ಹೊತ್ತಿದ್ದ ನ್ಯಾಯಮೂರ್ತಿ ಗಜೇಂದ್ರಗಡ್ಕರ್ ಸುಪ್ರೀಂ ಕೋರ್ಟಿನಲ್ಲಿ ಆ ತೀರ್ಪನ್ನು ಬದಿಗಿಟ್ಟರು. ತಜ್ಞರ ಮಂಡಳಿಯ ಮೇಲೆ ದುರುದ್ದೇಶದ ಆರೋಪವೇ ಇಲ್ಲದಿರುವಾಗ, ಇಂಗ್ಲಿಷ್ ಪಾಠ ಯಾರು ಚೆನ್ನಾಗಿ ಹೇಳುತ್ತಾರೆ ಎಂಬುದನ್ನು ಕೋರ್ಟು ಹೇಳಹೊರಡಬಾರದು ಎಂಬುದು ಅದರ ಸಾರ. ಈ ತೀರ್ಪನ್ನೇ ಗುರಾಣಿ ಮಾಡಿಕೊಂಡು ನಡೆದ ಅಯೋಗ್ಯ ನೇಮಕಗಳೂ ನಾಡಿನಲ್ಲಿವೆ ಎಂದು ನಾನು ಇಲ್ಲಿ ಹೇಳದಿದ್ದರೆ ಅಧ್ಯಾಪಕರೇ ಒಳಗೊಳಗೆ ನಕ್ಕಾರು.

ಹೇಬಿಯಸ್ ಕಾರ್ಪಸ್‌ಗೆ ಬಂದಾಗ ದನಿ ತಗ್ಗಿಸಬೇಕಾಗುತ್ತದೆ. 1975ರ ಜೂನ್ 26ರಂದು ಸಂಸದೀಯ ಸಮಿತಿಯ ಕೆಲಸಕ್ಕೆ ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಅಡ್ವಾಣಿ, ಶ್ಯಾಮನಂದನ ಮಿಶ್ರ, ಮಧು ದಂಡವತೆ ಇಲ್ಲೇ ಬಂಧಿತರಾದರು. ನಮ್ಮ ಹೈಕೋರ್ಟಿಗೆ ಅರ್ಜಿ ಬಂತು. ಅವರ ಪರ ಓಡಾಡಿದ ವಕೀಲ ಎಂ. ರಾಮಾಜೋಯಿಸರೂ ಜೈಲು ಕಂಡರು. ತುರ್ತುಪರಿಸ್ಥಿತಿಯಲ್ಲೂ ಇಂಥ ಅರ್ಜಿ ಕೇಳಬಹುದು ಎಂದ ಒಂಬತ್ತು ಹೈಕೋರ್ಟುಗಳಲ್ಲಿ ಕರ್ನಾಟಕದ್ದೂ ಒಂದು. 1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟ್ ನಾಲ್ಕು-ಒಂದರ ಬಹುಮತದಲ್ಲಿ ಅವೆಲ್ಲವನ್ನೂ ಅಳಿಸಿಹಾಕಿತು. ಒಪ್ಪದೆ ನಿಂತವರು ಎಚ್.ಆರ್. ಖನ್ನಾ ಒಬ್ಬರೇ. 1978ರ 44ನೇ ತಿದ್ದುಪಡಿ ಬಂದು, ತುರ್ತುಪರಿಸ್ಥಿತಿಯಲ್ಲೂ 20 ಮತ್ತು 21ನೇ ವಿಧಿಗಳ ಬಾಗಿಲು ಮುಚ್ಚುವಂತಿಲ್ಲ ಎಂದಾಯಿತು. ಆದರೂ ಆ ತೀರ್ಪು ಪುಸ್ತಕದಲ್ಲಿ ಹಾಗೇ ಕೂತಿತ್ತು. ಅದನ್ನು ಸ್ಪಷ್ಟ ಮಾತಿನಲ್ಲಿ ತೆಗೆದುಹಾಕಿದ್ದು 2017ರ ಆಗಸ್ಟ್ 24ರ ಖಾಸಗಿತನದ ತೀರ್ಪು. ಆ ಅರ್ಜಿ ಹಾಕಿದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ, ಎಂಬತ್ತು ದಾಟಿದ ವಯಸ್ಸಿನಲ್ಲಿ. 1976ರ ಬಹುಮತದಲ್ಲಿದ್ದ ವೈ.ವಿ. ಚಂದ್ರಚೂಡರ ಮಗನೇ ಆ ಹಳೆಯ ತೀರ್ಪು ತಪ್ಪೆಂದು ಬರೆದರು. ರಿಟ್ ಹೊರಡಿಸುವ ಕೋರ್ಟಿಗೂ ಕಡತ ತೋರಿಸಬೇಕಾದ ದಿನ ಬರುತ್ತದೆ.

ವಿದ್ಯಾರ್ಥಿಗಳಿಗಾಗಿ ಒಂದು ಕಸುಬಿನ ಮಾತು. ಸಿವಿಲ್ ಕೋರ್ಟಿನ ಆದೇಶದ ಮೇಲೆ 226ರ ಸರ್ಷಿಯೋರರಿ ಬರುವುದಿಲ್ಲ, ಹೋಗಬೇಕಾದದ್ದು 227ನೇ ವಿಧಿಯ ಮೇಲ್ವಿಚಾರಣೆಯ ದಾರಿಯಲ್ಲಿ ಎಂದು 2015ರಲ್ಲಿ ರಾಧೇಶ್ಯಾಮ್ ಪ್ರಕರಣದಲ್ಲಿ ತೀರ್ಮಾನವಾಗಿದೆ. ನಮ್ಮಲ್ಲಿ ಅವನ್ನೂ ‘ಜಿಎಂ-ಸಿಪಿಸಿ’ ಎಂಬ ಬಾಲ ಹಚ್ಚಿ ರಿಟ್ ಅರ್ಜಿಯ ಸಾಲಿನಲ್ಲೇ ನಂಬರು ಕೊಡುವುದರಿಂದ ಗೊಂದಲ ಆಗುತ್ತದೆ. ಇನ್ನೊಂದು: 2008ರಲ್ಲಿ ಧಾರವಾಡ ಮತ್ತು ಕಲಬುರಗಿಗೆ ಸಂಚಾರಿ ಪೀಠಗಳು ಬಂದವು, 2013ರಲ್ಲಿ ಕಾಯಂ ಆದವು. ಅದಕ್ಕೆ ಮುಂಚೆ ಬೀದರಿನ ರೈತ ಒಂದು ರಿಟ್ಟಿಗೆ ಇಡೀ ರಾಜ್ಯದ ಉದ್ದ ಅಳೆಯಬೇಕಿತ್ತು. ರಿಟ್ ಅಧಿಕಾರದ ಚರಿತ್ರೆ ಬರೆಯುವವರು ತೀರ್ಪುಗಳ ಜೊತೆ ಈ ಬಸ್ಸಿನ ಟಿಕೆಟ್ಟನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಈ ಸಭಾಂಗಣದಲ್ಲಿ ಕೆಎಎಸ್ ಪರೀಕ್ಷೆಗೆ ಓದುತ್ತಿರುವವರು ಅನೇಕರಿದ್ದೀರಿ ಎಂದು ಪ್ರಾಂಶುಪಾಲರು ಹೇಳಿದರು. ನಿಮಗೆ ನನ್ನದೊಂದು ಬೇಡಿಕೆ. ಆದೇಶದಲ್ಲಿ ಇಲ್ಲದ ಕಾರಣವನ್ನು ಆಮೇಲೆ ಹೈಕೋರ್ಟಿನ ಅಫಿಡವಿಟ್ಟಿನಲ್ಲಿ ತುಂಬಲಾಗದು ಎಂದು 1977ರಲ್ಲೇ ಮೊಹಿಂದರ್ ಸಿಂಗ್ ಗಿಲ್ ಪ್ರಕರಣದಲ್ಲಿ ಕೃಷ್ಣ ಅಯ್ಯರ್ ಹೇಳಿಬಿಟ್ಟಿದ್ದಾರೆ. ಆದ್ದರಿಂದ ನಾಳೆ ನೀವು ಅಸಿಸ್ಟೆಂಟ್ ಕಮಿಷನರ್ ಆಗಿ ಕೂತಾಗ, ಎದುರಿಗೆ ನಿಂತವನ ಅರ್ಜಿ ವಜಾ ಮಾಡಬೇಕಾಗಿ ಬಂದರೆ ಮಾಡಿ. ಯಾಕೆ ಎಂದು ಅವನ ಭಾಷೆಯಲ್ಲಿ, ಅವನು ಯಾರ ಹತ್ತಿರವಾದರೂ ಓದಿಸಿ ಕೇಳಿ ತಿಳಿಯುವ ಹಾಗೆ ಬರೆದು, ಆಮೇಲೆ ಸಹಿ ಹಾಕಿ.